ಘಟ್ಟವೇರುವ ಎಂಜಿನ್ನಿಗೆ ಯಾವ ಸ್ಟಡ್ ಸೂಕ್ತ?

ಮಡಿಕೇರಿ: ಸಂಪಾಜೆಯಿಂದ ಮಡಿಕೇರಿಗೆ ಘಟ್ಟವೇರುವಾಗ ಬಾನೆಟ್ಟಿನ ಒಳಗೆ ಏನು ನಡೆಯುತ್ತಿದೆ ಎಂದು ಚಾಲಕರು ಸಾಮಾನ್ಯವಾಗಿ ಯೋಚಿಸುವುದಿಲ್ಲ. ತಿರುವು, ಮಂಜು, ಎದುರಿನಿಂದ ಬರುವ ಲಾರಿ ಇವುಗಳೇ ಗಮನವನ್ನೆಲ್ಲ ಸೆಳೆದಿರುತ್ತವೆ. ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದ ಮಡಿಕೇರಿಯನ್ನು ಮುಟ್ಟುವವರೆಗೂ ಎಂಜಿನ್ ಕೆಳಗಿನ ಗೇರಿನಲ್ಲಿ ಭಾರ ಹೊತ್ತೇ ದುಡಿಯುತ್ತದೆ. ಈ ದುಡಿಮೆಯ ಬಿಸಿಯನ್ನು ಮೊದಲು ಉಣ್ಣುವುದು ಸಿಲಿಂಡರುಗಳಿಂದ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಪೆಟ್ರೋಲ್ ಎಂಜಿನ್ನಿನ ಹೊಗೆಯ ಉಷ್ಣಾಂಶ ಇಂತಹ ಏರಿನಲ್ಲಿ 800 ಡಿಗ್ರಿ ಸೆಲ್ಸಿಯಸ್ಸನ್ನು ದಾಟಬಲ್ಲದು. ಆ ಮ್ಯಾನಿಫೋಲ್ಡನ್ನು ಎಂಜಿನ್ನಿಗೆ ಬಿಗಿದು ಹಿಡಿದಿರುವುದು ಕಿರುಬೆರಳಿಗಿಂತ ಸಪೂರವಾದ ಏಳೆಂಟು ಸ್ಟಡ್‌ಗಳು ಮಾತ್ರ.

ಈ ಸ್ಟಡ್‌ಗಳಲ್ಲಿ ಒಂದು ತುಂಡಾದರೂ ವಾಹನ ನಿಲ್ಲುವುದಿಲ್ಲ, ಅಪಾಯವಿರುವುದು ಅಲ್ಲಿಯೇ. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದಾಗ ಟಿಕ್ ಟಿಕ್ ಎಂಬ ಸದ್ದು ಕೇಳಿ, ಬಿಸಿಯಾದ ಮೇಲೆ ಮಾಯವಾಗುತ್ತದೆ. ಲೋಹ ಹಿಗ್ಗಿ ಸಂದು ಮುಚ್ಚಿಕೊಂಡಿತೆಂದಷ್ಟೇ ಅದರ ಅರ್ಥ. ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಕಪ್ಪು ಮಸಿಯ ಗೆರೆ ಮೂಡಿದ್ದರೆ ಸಂಶಯವೇ ಬೇಡ. ಸೋರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೊಡಗಿನ ಮಳೆಗಾಲದಲ್ಲಿ ಕಿಟಕಿಗಳನ್ನೆಲ್ಲ ಏರಿಸಿ, ಹೀಟರ್ ಹಾಕಿಕೊಂಡು, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಮಲಗಿಸಿಕೊಂಡು ಗಂಟೆಗಟ್ಟಲೆ ಸಾಗುವವರು ಈ ಸದ್ದನ್ನು ಹಗುರವಾಗಿ ಪರಿಗಣಿಸುವಂತಿಲ್ಲ. ಪ್ರಯಾಣದಲ್ಲಿ ತಲೆನೋವು, ವಾಕರಿಕೆ ಬಂದರೆ ನಾವು ಘಟ್ಟದ ತಿರುವುಗಳನ್ನೇ ದೂರುತ್ತೇವೆ. ಕಾರಣ ಬಾನೆಟ್ಟಿನೊಳಗೂ ಇರಬಹುದು.

ಸ್ಟಡ್ ಏಕೆ ತುಂಡಾಗುತ್ತದೆ? ಬಹುತೇಕ ಮೆಕ್ಯಾನಿಕ್‌ಗಳು ‘ಹಳೆಯದಾಯಿತು’ ಎಂದು ಹೇಳಿ ಮುಗಿಸುತ್ತಾರೆ. ನಿಜವಾದ ಕಾರಣ ಲೋಹಗಳ ಹಿಗ್ಗುವಿಕೆಯಲ್ಲಿದೆ. ಎರಕದ ಕಬ್ಬಿಣದ 40 ಸೆಂಟಿಮೀಟರ್ ಉದ್ದದ ಮ್ಯಾನಿಫೋಲ್ಡ್ 500 ಡಿಗ್ರಿಯಷ್ಟು ಬಿಸಿಯೇರಿದರೆ ಎರಡು ಮಿಲಿಮೀಟರಿಗೂ ತುಸು ಹೆಚ್ಚು ಹಿಗ್ಗುತ್ತದೆ. ಅದನ್ನು ಹಿಡಿದಿರುವ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಹಿಗ್ಗುವ ಗುಣದಲ್ಲಿ ಕಬ್ಬಿಣಕ್ಕಿಂತ ಎರಡು ಪಟ್ಟು ಮುಂದಿದ್ದರೂ, ಒಳಗೆ ಹರಿಯುವ ನೀರಿನಿಂದಾಗಿ ಅಷ್ಟು ಬಿಸಿಯಾಗುವುದಿಲ್ಲ. ಒಂದು ಮಿಲಿಮೀಟರನ್ನೂ ತಲುಪುವುದಿಲ್ಲ. ಈ ವ್ಯತ್ಯಾಸವನ್ನೆಲ್ಲ ಸಹಿಸಬೇಕಾದವು ಎರಡೂ ತುದಿಗಳ ಸ್ಟಡ್‌ಗಳು. ಬಿಸಿಯಾದಾಗಲೊಮ್ಮೆ ಬಾಗಿ, ತಣಿದಾಗಲೊಮ್ಮೆ ಮರಳುವ ಈ ಕಸರತ್ತು ಸಾವಿರಾರು ಸಲ ನಡೆದ ಬಳಿಕ ಲೋಹ ದಣಿದು ಮುರಿಯುತ್ತದೆ. ಆದ್ದರಿಂದಲೇ ಮುರಿಯುವುದು ಹೆಚ್ಚಾಗಿ ಕೊನೆಯ ಸ್ಟಡ್, ನಡುವಿನದಲ್ಲ. ಏರು ಹತ್ತಿ ಕಾದು ಕುಳಿತ ಮ್ಯಾನಿಫೋಲ್ಡಿನ ಮೇಲೆ ರಸ್ತೆಯ ನೀರು ಎರಚಿದಾಗ ಈ ಒತ್ತಡ ಮತ್ತಷ್ಟು ತೀಕ್ಷ್ಣವಾಗುತ್ತದೆ.

ಕಾಫಿ ತೋಟಗಳಲ್ಲಿ ಇಂದಿಗೂ ಕಾಣಸಿಗುವ ಹಳೆಯ ಪೆಟ್ರೋಲ್ ಜೀಪುಗಳ ಸಂಗತಿ ಬೇರೆ. ವಿಲ್ಲಿಸ್ ಮೂಲದ ಹರಿಕೇನ್ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹೆಡ್ಡಿಗಲ್ಲ, ಎರಕದ ಕಬ್ಬಿಣದ ಬ್ಲಾಕಿಗೇ ಜೋಡಣೆಯಾಗಿರುತ್ತದೆ. ಗಟ್ಟಿ ಕಬ್ಬಿಣದಲ್ಲಿ ಥ್ರೆಡ್ ಸುಲಭವಾಗಿ ಕಿತ್ತುಬರುವುದಿಲ್ಲ. ಅಲ್ಲಿಯ ಶತ್ರು ತುಕ್ಕು. ಜಿಪ್ಸಿಯಂತಹ ಅಲ್ಯೂಮಿನಿಯಂ ಹೆಡ್ಡಿನ ವಾಹನಗಳಲ್ಲಿ ಮೃದು ಲೋಹದ ಥ್ರೆಡ್ಡೇ ದುರ್ಬಲ ಕೊಂಡಿ. ಬೋಲ್ಟಿನ ಬದಲು ಸ್ಟಡ್ ಬಳಸುವುದು ಇದೇ ಕಾರಣಕ್ಕೆ. ಬೋಲ್ಟನ್ನು ಪ್ರತಿ ಸಲ ಬಿಚ್ಚಿ ಹಾಕುವಾಗಲೂ ಅಲ್ಯೂಮಿನಿಯಂ ಸವೆಯುತ್ತದೆ. ಸ್ಟಡ್ ಒಮ್ಮೆ ಒಳಗೆ ಕುಳಿತರೆ ಸವೆತವೆಲ್ಲ ಹೊರಗಿನ ನಟ್ಟಿಗೆ ಸೇರಿದ್ದು. ಅಲ್ಯೂಮಿನಿಯಂನೊಳಗೆ ಸ್ಟಡ್ ತನ್ನ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಆಳಕ್ಕೆ ಇಳಿದಿರಬೇಕು. ಎಂಟು ಮಿಲಿಮೀಟರ್ ಸ್ಟಡ್ಡಿಗೆ 12ರಿಂದ 16 ಮಿಲಿಮೀಟರ್.

ಇನ್ನು ಆಯ್ಕೆ. ಅಂಗಡಿಯಲ್ಲಿ ‘ಗಟ್ಟಿ ಇರೋದು ಕೊಡಿ’ ಎಂದರೆ 12.9 ದರ್ಜೆಯದನ್ನು ಕೊಡುವುದುಂಟು. ಇದು ತಪ್ಪು ಆಯ್ಕೆ ಎಂಬುದು ಈ ಲೇಖಕನ ಅಭಿಪ್ರಾಯ. ದರ್ಜೆಯ ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಎಷ್ಟು ಮೆಗಾಪ್ಯಾಸ್ಕಲ್ ಎಳೆತವನ್ನು ತಾಳಬಲ್ಲದೆಂದು ತಿಳಿಯುತ್ತದೆ: 8.8ಕ್ಕೆ 800, 10.9ಕ್ಕೆ 1,000. ಆದರೆ ಇವು ಸಾಮಾನ್ಯ ಉಷ್ಣಾಂಶದ ಲೆಕ್ಕಗಳು. ಈ ಉಕ್ಕನ್ನು ಹದಗೊಳಿಸುವುದೇ 425 ಡಿಗ್ರಿಯ ಆಸುಪಾಸಿನಲ್ಲಿ. 300 ಡಿಗ್ರಿ ದಾಟಿದರೆ ಅದರ ಬಲ ಇಳಿಯತೊಡಗುತ್ತದೆ. ಹೆಚ್ಚು ಗಡಸಾದಷ್ಟೂ ತೇವದಲ್ಲಿ ಬಿರುಕು ಬಿಡುವ ಸ್ವಭಾವವೂ ಹೆಚ್ಚು. ಮಳೆನಾಡಿಗೆ ಇದು ಒಗ್ಗುವ ಗುಣವಲ್ಲ.

ದಿನನಿತ್ಯದ ಕಾರಿಗೆ ತಯಾರಕರು ಸೂಚಿಸಿದ ಮೂಲ ಸ್ಟಡ್ಡೇ ಸಾಕು. ಅದು ದೊರೆಯದಿದ್ದರೆ ಅದೇ ಅಳತೆಯ, ಕಂಪನಿಯ ಗುರುತಿರುವ ಮಾಲನ್ನು ಕೇಳಬೇಕು. ನಮ್ಮಲ್ಲಿ ಇದಕ್ಕೆ ಐಎಸ್ 1367 ಮಾನಕವಿದೆ. ಸ್ಟಡ್ಡಿನ ತುದಿಯಲ್ಲಿ ಅಂಕಿ ಬರೆಯಲು ಜಾಗವಿಲ್ಲದಿದ್ದರೆ 8.8ಕ್ಕೆ ವೃತ್ತ, 10.9ಕ್ಕೆ ಚೌಕದ ಗುರುತು ಇರುತ್ತದೆ. ಟರ್ಬೊ ಇರುವ ಡೀಸೆಲ್ ವಾಹನಗಳಲ್ಲಿ ಟರ್ಬೊದ ಭಾರವೂ ಮ್ಯಾನಿಫೋಲ್ಡಿನ ಮೇಲೆಯೇ ಬೀಳುವುದರಿಂದ ಕ್ರೋಮ್-ಮಾಲಿಬ್ಡಿನಂ ಉಕ್ಕಿನ ಬಿ7 ಸ್ಟಡ್ ಒಳ್ಳೆಯದು. ಸಂಸ್ಕರಣಾಗಾರಗಳಲ್ಲಿ ಬಿಸಿ ಕೊಳವೆಗಳನ್ನು ಜೋಡಿಸಲು ಬಳಸುವ ಉಕ್ಕು ಇದು. ಹದಗೊಳಿಸುವುದು 593 ಡಿಗ್ರಿಗೆ ಕಡಿಮೆಯಿಲ್ಲದ ಶಾಖದಲ್ಲಿ. ಅದಕ್ಕೂ ಮೇಲಿನವು ಎ286, ಇನ್ಕೊನೆಲ್ ಮುಂತಾದ ನಿಕ್ಕಲ್ ಬೆರೆತ ಮಿಶ್ರಲೋಹಗಳು. ಅವು ರ‍್ಯಾಲಿ ಕಾರುಗಳಿಗೆ ಸರಿ, ತರಕಾರಿ ತರಲು ಗೋಣಿಕೊಪ್ಪಲಿಗೆ ಹೋಗುವ ಕಾರಿಗೆ ದುಂದುವೆಚ್ಚ.

ಸ್ಟೇನ್‌ಲೆಸ್ ಸ್ಟೀಲ್ ಹೊಳಪಿಗೆ ಮರುಳಾಗುವವರು ಬಹಳ. ತುಕ್ಕು ಹಿಡಿಯದಿರುವುದು ನಿಜ. ಆದರೆ ಸಾಮಾನ್ಯ 304 ಸ್ಟೇನ್‌ಲೆಸ್, ಎರಕದ ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುವುದರಿಂದ ಬಿಸಿಯಲ್ಲಿ ಹಿಡಿತ ಸಡಿಲಗೊಳ್ಳುತ್ತದೆ. ಸ್ಟೇನ್‌ಲೆಸ್ ನಟ್ಟನ್ನೇ ಜೊತೆಗೆ ಹಾಕಿದರೆ ಎರಡೂ ಕಚ್ಚಿಕೊಂಡು ಬಿಚ್ಚಲಾಗದಂತಾಗುವ ಭಯವೂ ಇದೆ. ಸತುವಿನ ಲೇಪನವನ್ನೂ ಇಲ್ಲಿ ನಂಬುವಂತಿಲ್ಲ. ಸತು 420 ಡಿಗ್ರಿಯಲ್ಲಿ ಕರಗುತ್ತದೆ.

ನಟ್ಟಿನ ವಿಷಯದಲ್ಲಿ ಗೊಂದಲ ಬೇಡ. ತಾಮ್ರಲೇಪಿತ ಉಕ್ಕಿನ, ಪೂರ್ತಿ ಲೋಹದ ಲಾಕ್ ನಟ್ ಅತ್ಯುತ್ತಮ. ಹಿತ್ತಾಳೆಯ ನಟ್ ಹಳೆಯ ಜೀಪುಗಳಿಗೆ ಹೇಳಿ ಮಾಡಿಸಿದಂತಿದೆ. ತುಕ್ಕು ಹಿಡಿಯದು, ಸ್ಟಡ್ಡನ್ನು ಕಚ್ಚಿ ಹಿಡಿಯದು. ನೈಲಾನ್ ಉಂಗುರವಿರುವ ನಟ್ ಸುಟ್ಟುಹೋಗುತ್ತದೆ, ಸ್ಪ್ರಿಂಗ್ ವಾಷರ್ ಬಿಸಿಯಲ್ಲಿ ತನ್ನ ಸ್ಪ್ರಿಂಗ್ ಗುಣವನ್ನೇ ಕಳೆದುಕೊಳ್ಳುತ್ತದೆ.

ಗಾಳಿಯನ್ನು ಒಳಗೆಳೆಯುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಈ ತಲೆಬಿಸಿ ಇಲ್ಲ. ಅದು ತಣ್ಣಗಿರುತ್ತದೆ, ಈಚಿನ ಕಾರುಗಳಲ್ಲಿ ಪ್ಲಾಸ್ಟಿಕ್ಕಿನದೇ ಆಗಿರುತ್ತದೆ. 8.8 ದರ್ಜೆ ಸಾಕು. ಅತಿಯಾಗಿ ಬಿಗಿದರೆ ಮಾತ್ರ ಅದು ಬಿರುಕು ಬಿಡುತ್ತದೆ.

ಬಿಗಿಯುವ ಕ್ರಮವೂ ಆಯ್ಕೆಯಷ್ಟೇ ಮುಖ್ಯ. ಎಂಜಿನ್ ಪೂರ್ತಿ ತಣಿದಿರಬೇಕು. ನಡುವಿನಿಂದ ಆರಂಭಿಸಿ ಎರಡೂ ತುದಿಗಳತ್ತ, ಎರಡು ಮೂರು ಸುತ್ತುಗಳಲ್ಲಿ ಬಿಗಿಯಬೇಕು. ಎಂಟು ಮಿಲಿಮೀಟರ್ ಸ್ಟಡ್ಡಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಟಾರ್ಕ್ ಸಾಕಾಗುತ್ತದಾದರೂ ವಾಹನದ ಕೈಪಿಡಿಯ ಮಾತೇ ಅಂತಿಮ. ಥ್ರೆಡ್ಡಿಗೆ ತಾಮ್ರದ ಅಥವಾ ನಿಕ್ಕಲ್ಲಿನ ಆಂಟಿ-ಸೀಜ್ ಲೇಪ ಹಚ್ಚಿದ್ದರೆ ಘರ್ಷಣೆ ಕಡಿಮೆಯಾಗುವುದರಿಂದ ಟಾರ್ಕನ್ನು ಶೇಕಡ 20ರಷ್ಟಾದರೂ ತಗ್ಗಿಸಬೇಕು. ಮ್ಯಾನಿಫೋಲ್ಡಿನ ತುದಿಯ ರಂಧ್ರಗಳು ಸ್ಟಡ್ಡಿಗಿಂತ ದೊಡ್ಡದಾಗಿರುವುದನ್ನು ಕಂಡು, ಸಡಿಲವಾಯಿತೆಂದು ಬುಷ್ ಹಾಕಿಸುವವರಿದ್ದಾರೆ. ಆ ಸಂದು ಹಿಗ್ಗುವುದಕ್ಕೆಂದೇ ಬಿಟ್ಟದ್ದು. ಮುಚ್ಚಿದರೆ ಹೊಸ ಸ್ಟಡ್ಡೂ ಮುರಿಯುತ್ತದೆ.

ಹಳೆಯ ಸ್ಟಡ್ ತೆಗೆಯುವಾಗ ಆತುರ ಸಲ್ಲದು. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಬಿಟ್ಟು, ಬೆಳಿಗ್ಗೆ ಎರಡು ನಟ್‌ಗಳನ್ನು ಒಂದಕ್ಕೊಂದು ಬಿಗಿದು, ಒಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬಹುಪಾಲು ಬಂದುಬಿಡುತ್ತದೆ. ಹೆಡ್ಡಿನ ಸಮಕ್ಕೆ ಮುರಿದಿದ್ದರೆ ಅದರ ಮೇಲೊಂದು ನಟ್ಟನ್ನಿಟ್ಟು ವೆಲ್ಡ್ ಮಾಡಿ ತಿರುಗಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಕೊರೆದು ತೆಗೆದು, ರಂಧ್ರದೊಳಗೆ ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿಯನ್ನು ಕೂರಿಸಬೇಕು. ಕೆಲಸ ಮುಗಿದು ನಾಲ್ಕೈದು ಸಲ ಎಂಜಿನ್ ಬಿಸಿಯಾಗಿ ತಣಿದ ಮೇಲೆ, ಕೈಪಿಡಿ ನಿಷೇಧಿಸಿರದಿದ್ದರೆ, ನಟ್‌ಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಕೊಡಗಿನವರು ಇದನ್ನು ಮೇ ತಿಂಗಳಲ್ಲೇ ಮಾಡಿಸಿಕೊಳ್ಳುವುದು ಲೇಸು. ಜೂನ್ ಬಂದ ಮೇಲೆ ಒದ್ದೆ ಎಂಜಿನ್ನಿನ ಮುಂದೆ ಕೊಡೆ ಹಿಡಿದು ನಿಲ್ಲಬೇಕಾಗುತ್ತದೆ.