ಮುಟ್ಟಿದರೆ ಬೆಳಗುವ ನೀರು

ಹೋದ ಆಗಸ್ಟ್ ಕೊನೆಯಲ್ಲಿ ನಾವು ನಾಲ್ಕು ಜನ ಗೊಥೆನ್‌ಬರ್ಗ್‌ನ 11ನೇ ನಂಬರ್ ಟ್ರಾಮ್ ಹತ್ತಿ ಕೊನೆಯ ಸ್ಟಾಪ್ ಸಾಲ್ಟ್‌ಹೋಲ್ಮೆನ್‌ಗೆ ಹೋಗಿ, ಅಲ್ಲಿಂದ ಫೆರಿಯಲ್ಲಿ ಬ್ರೆನ್ನೊ ದ್ವೀಪಕ್ಕೆ ಹೋಗಿದ್ವಿ. ರಾತ್ರಿ ವಾಪಸ್ ಫೆರಿಗೆ ಕಾಯ್ತಾ ಕೂತಿದ್ದಾಗ ಗೆಳೆಯನೊಬ್ಬ ಬೇಜಾರಾಗಿ ನೀರಿಗೆ ಕಲ್ಲು ಎಸೆದ. ಬಿದ್ದ ಜಾಗದಲ್ಲಿ ನೀಲಿ ಬೆಳಕು ಫಳ್ಳನೆ ಹೊಳೆದು ಆರಿಹೋಯಿತು. ಆಮೇಲೆ ಫೆರಿ ಬರೋವರೆಗೂ ನಾಲ್ವರೂ ಕಲ್ಲು ಎಸೆದದ್ದೇ ಎಸೆದದ್ದು!

ಇಲ್ಲಿನವರು ಇದಕ್ಕೆ 'ಮಾರೆಲ್ಡ್' ಅಂತಾರೆ. 'ಮಾರ್' ಅಂದ್ರೆ ಸಮುದ್ರ, 'ಎಲ್ಡ್' ಅಂದ್ರೆ ಬೆಂಕಿ. ನನಗೆ ಥಟ್ಟನೆ ನೆನಪಾದದ್ದು ಗಂಗೊಳ್ಳಿಯ ನಮ್ಮಜ್ಜ. ಅವರು ದೋಣಿಗೆ ಹೋಗ್ತಿದ್ದ ಕಾಲದಲ್ಲಿ, ಅಮಾವಾಸ್ಯೆಯ ಆಸುಪಾಸಿನ ಕತ್ತಲಲ್ಲಿ ಬಂಗುಡೆ ಹಿಂಡು ಓಡಿದರೆ ನೀರೇ ಬೆಳಗಿ ತೋರಿಸುತ್ತಿತ್ತಂತೆ. ಆ ಹೊಳಪು ನೋಡಿ ಬಲೆ ಬಿಡೋದು. ಕತೆ ಕಟ್ತಿದ್ದಾರೆ ಅಂದುಕೊಂಡಿದ್ದೆ.

ಸಮುದ್ರದಲ್ಲಿ ರಂಜಕ ಇರೋದರಿಂದ ನೀರು ಹೊಳೆಯುತ್ತೆ ಅಂತ ನಮ್ಮಲ್ಲಿ ಹಲವರು ನಂಬಿದ್ದಾರೆ. ಅದು ತಪ್ಪು. ಹೊಳೆಯೋದು ನೀರಲ್ಲ, ಅದರಲ್ಲಿ ತೇಲುವ ಏಕಕೋಶ ಜೀವಿಗಳು. ಅವುಗಳಲ್ಲಿ ಹೆಸರಾದದ್ದು ನಾಕ್ಟಿಲೂಕಾ. ದೊಡ್ಡದು ಅಂದ್ರೆ ಸಾಬಕ್ಕಿಗಿಂತಲೂ ಚಿಕ್ಕದು, ಸುಮಾರು ಒಂದು ಮಿಲಿಮೀಟರ್. ಅಲೆಯೋ ಮೀನೋ ತಾಗಿದ ಕೂಡಲೇ ಕೋಶದೊಳಗಿನ ಪೊರೆಯಲ್ಲಿ ವಿದ್ಯುತ್ ಅಲೆಯೊಂದು ಹರಿಯುತ್ತದೆ, ಥೇಟ್ ನಮ್ಮ ನರಗಳಲ್ಲಿ ಹರಿದ ಹಾಗೆ. ಅದರಿಂದ ಬೆಳಕಿನ ಪುಟ್ಟ ಚೀಲಗಳೊಳಗೆ ಆಮ್ಲೀಯತೆ ಏರುತ್ತದೆ. ಆಗ ಲೂಸಿಫೆರಿನ್ ಎಂಬ ವಸ್ತು ಲೂಸಿಫೆರೇಸ್ ಎಂಬ ಕಿಣ್ವದ ನೆರವಿನಿಂದ ಆಮ್ಲಜನಕದ ಜೊತೆ ಸೇರಿ ನೀಲಿ ಬೆಳಕು ಬಿಡುತ್ತದೆ. ಇಷ್ಟೆಲ್ಲ ಮುಗಿಯೋಕೆ ಸೆಕೆಂಡಿನ ಒಂದು ಸಣ್ಣ ಪಾಲು ಸಾಕು. ಸೆನ್ಸರ್, ಸ್ವಿಚ್, ಬಲ್ಬ್ ಮೂರೂ ಒಂದೇ ಕೋಶದಲ್ಲಿ! ನಾಲ್ಕು ವರ್ಷ ಸರ್ಕ್ಯೂಟ್ ಬಿಡಿಸಿದ ನನಗೆ ಹೊಟ್ಟೆಕಿಚ್ಚಾಯಿತು.

ಆದರೆ ಯಾಕೆ? ಬೆಳಗಿದರೆ ಶತ್ರುವಿಗೆ ಸುಲಭವಾಗಿ ಸಿಕ್ಕಿಬೀಳಲ್ವಾ? ವಿಜ್ಞಾನಿಗಳು ಒಪ್ಪುವ ಒಂದು ವಿವರಣೆ ಕಳ್ಳ ಬಂದಾಗ ಕೂಗಿಕೊಳ್ಳುವ ಅಲಾರಂನದ್ದು. ತಿನ್ನಲು ಬರುವ ಸೀಗಡಿ ಬಳಗದ ಪುಟ್ಟ ಜೀವಿ ತಾಗಿದಾಗ ಕೋಶ ಮಿಂಚುತ್ತದೆ. ಆ ಬೆಳಕಲ್ಲಿ ಕಳ್ಳ ಎಲ್ಲಿದ್ದಾನೆ ಅಂತ ಅವನನ್ನು ತಿನ್ನುವ ಮೀನಿಗೆ ಗೊತ್ತಾಗುತ್ತೆ. ಅಂದ್ರೆ ಬೆಳಕು ಮೂರನೆಯವನಿಗೆ ಕೊಟ್ಟ ಸುದ್ದಿ. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮಜ್ಜ ಅಷ್ಟು ವರ್ಷ ಆ ಮೂರನೆಯವರೇ ಆಗಿದ್ದರು.

ಆಳಕ್ಕೆ ಹೋದರೆ ಆಟ ಉಲ್ಟಾ. ಗೊಥೆನ್‌ಬರ್ಗ್‌ನ ಉತ್ತರಕ್ಕೆ ಗುಲ್ಮಾರ್ ಎಂಬ ಆಳವಾದ ಫ್ಯೋರ್ಡ್ ಇದೆ. ಅಲ್ಲಿಯ ಕ್ರಿಲ್‌ಗಳ ಹೊಟ್ಟೆಯ ಅಡಿಯಲ್ಲಿ ಸಾಲಾಗಿ ದೀಪಗಳಿವೆ. ಮೇಲಿಂದ ಇಳಿಯುವ ಬೆಳಕಿಗೆ ಸರಿಹೊಂದುವಂತೆ ಅವು ಕೆಳಮುಖವಾಗಿ ಬೆಳಗಿದರೆ, ಕೆಳಗಿನಿಂದ ನೋಡುವ ಮೀನಿಗೆ ನೆರಳೇ ಕಾಣದು. ಇಲ್ಲಿ ಬೆಳಕು ಇರೋದೇ ಅಡಗಿಕೊಳ್ಳಲು. ಕ್ಯಾಲಿಫೋರ್ನಿಯಾದ ಕರಾವಳಿಯಾಚೆ ಆಳದವರೆಗೆ ಕ್ಯಾಮೆರಾ ಇಳಿಸಿ ಎಣಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೀರಲ್ಲಿ ಕಂಡ ಪ್ರಾಣಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಬೆಳಕು ಬೀರಬಲ್ಲವು.

ಸ್ಟಾಕ್‌ಹೋಮ್‌ನ ಗೆಳೆಯರು ಬೇಜಾರು ಮಾಡ್ಕೋಬೇಡಿ, ನಿಮ್ಮ ಕಡೆ ಇದು ಬಲು ಅಪರೂಪ. ಬಾಲ್ಟಿಕ್‌ನ ನೀರು ನಾಕ್ಟಿಲೂಕಾಗೆ ತೀರಾ ಸಪ್ಪೆ. ಆದರೆ 2008ರ ರಸಾಯನಶಾಸ್ತ್ರದ ನೊಬೆಲ್ ಪಡೆದವರಲ್ಲಿ ಒಬ್ಬರಾದ ಒಸಾಮು ಶಿಮೊಮುರಾ ಬಂದದ್ದು ನಿಮ್ಮೂರಿಗೇ. ಅವರು 1961ರಲ್ಲಿ ಅಮೆರಿಕದಲ್ಲಿ ಲೋಳೆಮೀನಿನ ರಸವನ್ನು, ಕೆಲಸಕ್ಕೆ ಬಾರದು ಅಂತ ಸಿಂಕಿಗೆ ಸುರಿದಾಗ ಅದು ಝಗ್ಗನೆ ಬೆಳಗಿತ್ತು. ಸಿಂಕಿನಲ್ಲಿದ್ದ ಸಮುದ್ರದ ನೀರಿನ ಕ್ಯಾಲ್ಸಿಯಂ ಅದಕ್ಕೆ ಕಾರಣ.

ಊರಿನ ಸುದ್ದಿ ಅಷ್ಟು ಚಂದದ್ದಲ್ಲ. 2020ರ ನವೆಂಬರಿನಲ್ಲಿ ಉಡುಪಿ, ಮಂಗಳೂರಿನ ತೀರಗಳು ನೀಲಿಯಾಗಿ ಹೊಳೆದಾಗ ಎಲ್ಲರ ವಾಟ್ಸ್ಯಾಪ್‌ನಲ್ಲೂ ಅದೇ ಫೋಟೋ. ನಾಕ್ಟಿಲೂಕಾ ಮಿತಿಮೀರಿ ಬೆಳೆದರೆ ಅಮೋನಿಯಾ ಸೇರಿ, ಆಮ್ಲಜನಕ ತಗ್ಗಿ, ಮೀನುಗಳು ಆ ನೀರು ಬಿಟ್ಟು ಹೋಗಬಹುದು. ಫೋಟೋ ತೆಗೆಯುವವರಿಗೆ ಹಬ್ಬ, ಬಲೆ ಬಿಡುವವರಿಗೆ ಚಿಂತೆ.

ಇಲ್ಲಿ ನೋಡಬೇಕು ಅಂದ್ರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಚಂದ್ರ ಇಲ್ಲದ ರಾತ್ರಿ, ಪಶ್ಚಿಮ ತೀರಕ್ಕೆ ಬನ್ನಿ. ಜೂನ್‌ನಲ್ಲಿ ಕತ್ತಲೇ ಆಗಲ್ಲ, ಗೊತ್ತಲ್ಲ. ಮೊಬೈಲ್ ಒಳಗಿಟ್ಟು ಹತ್ತು ನಿಮಿಷ ಕಣ್ಣಿಗೆ ಕತ್ತಲು ರೂಢಿಯಾಗಲಿ. ನಾನಂತೂ ಅಮ್ಮನಿಗೆ ವಿಡಿಯೋ ಮಾಡಿ ಕಳಿಸಿದೆ. ಮರುದಿನ ಬೆಳಿಗ್ಗೆ ಉತ್ತರ ಬಂತು: "ಎಂತದೂ ಕಾಂತಿಲ್ಲ ಮಾರಾಯ, ಬರೀ ಕಪ್ಪು."