ರಾತ್ರಿಯ ಪಾಠಕ್ಕೆ ಯಂತ್ರದ ಗುರು

ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದ ಕನ್ನಡಿಗರ ಚರಿತ್ರೆ ಮುಂಬಯಿಯಲ್ಲಿ ಸುಪ್ರಸಿದ್ಧವಾದುದು. ದಿಲ್ಲಿಯಲ್ಲಿ ದುಡಿಯುವ ನಮ್ಮ ತರುಣರಿಗೂ ಅಂಥ ಹಾದಿಯೊಂದುಂಟು. 1985ರಲ್ಲಿ ಸ್ಥಾಪನೆಗೊಂಡು ಮೈದಾನ್ ಗಢಿಯಲ್ಲಿ ನೆಲೆಸಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ, ಹನ್ನೆರಡನೆಯ ತರಗತಿ ಮುಗಿಸಿದವರು ನೌಕರಿಯನ್ನು ಬಿಡದೆ ಬಿ.ಸಿ.ಎ. ಪದವಿಗೆ ಓದಬಹುದು.

ಆದರೆ ಕಂಪ್ಯೂಟರಿನ ಪಾಠ ಅರ್ಥವಾಗದೆ ನಿಂತಾಗ, ಮಧ್ಯರಾತ್ರಿಯಲ್ಲಿ ಕೇಳುವುದು ಯಾರನ್ನು? 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿಯೂ ಅದರ ಬಳಿಕ ಬಂದ ಇತರ ಕೃತಕ ಬುದ್ಧಿಯ ಯಂತ್ರಗಳೂ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿವೆ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿಯೇ ವಿವರಿಸುವುವು. ಬೇಕೆಂದ ಪ್ರೋಗ್ರಾಮನ್ನು ಕ್ಷಣಾರ್ಧದಲ್ಲಿ ಬರೆದುಕೊಡುವುವು. ಅಪಾಯವಿರುವುದೂ ಇಲ್ಲಿಯೇ. ಹಿಟ್ಟನ್ನು ರುಬ್ಬದೆ, ಕಾವಲಿಯ ಕಾವನ್ನರಿಯದೆ, ಮತ್ತೊಬ್ಬನು ಹುಯ್ದ ದೋಸೆಯನ್ನು ತಿಂದವನು ಭಟ್ಟನಾಗಲಾರನು.

ಇಡ್ಲಿಗೆ 40, ಕಾಫಿಗೆ 20 ರೂಪಾಯಿ. ಇವೆರಡನ್ನೂ ಕೂಡಿಸಿ ಬಿಲ್ಲು ಮಾಡುವ ಪ್ರೋಗ್ರಾಮನ್ನು ಹೊಸಬನೊಬ್ಬನು ಪೈಥಾನ್ ಭಾಷೆಯಲ್ಲಿ ಬರೆದನೆನ್ನಿ. ಬರಬೇಕಾದುದು 60, ಬಂದುದು 4020! ಕೀಲಿಮಣೆಯಲ್ಲಿ ಒತ್ತಿದುದನ್ನು ಪೈಥಾನ್ ಬರಿಯ ಅಕ್ಷರಗಳೆಂದು ಗ್ರಹಿಸುತ್ತದೆ. ಸಂಖ್ಯೆಯಾಗಿ ಮಾರ್ಪಡಿಸೆಂದು ನಾವು ಹೇಳದಿದ್ದರೆ ಒಂದರ ಪಕ್ಕದಲ್ಲಿ ಇನ್ನೊಂದನ್ನು ಜೋಡಿಸಿಬಿಡುತ್ತದೆ. ಈ ಕಾರಣವನ್ನು ತಾನೇ ಹುಡುಕಿ ಕಂಡವನು ಎಂದಿಗೂ ಮರೆಯನು. ಯಂತ್ರವು ತಿದ್ದಿಕೊಟ್ಟುದನ್ನು ನಕಲು ಮಾಡಿದವನಿಗೆ ಪರೀಕ್ಷೆಯ ಕೋಣೆಯಲ್ಲಿ ಅದೇ 4020 ಎದುರಾಗುವುದು, ಅಲ್ಲಿ ಯಂತ್ರವಿರದು.

ಯಂತ್ರದ ಮಾತು ವೇದವಾಕ್ಯವೂ ಅಲ್ಲ. 2023ರಲ್ಲಿ ಓಖ್ಲಾದ ಐಐಐಟಿ-ದಿಲ್ಲಿಯ ಸಂಶೋಧಕರು ಇತರರೊಡಗೂಡಿ, ಪದವಿ ತರಗತಿಯ ಕಂಪ್ಯೂಟರ್ ವಿಜ್ಞಾನದ ಪ್ರಶ್ನೆಗಳನ್ನು ಚಾಟ್‌ಜಿಪಿಟಿಗೆ ಒಡ್ಡಿ, ಅದರ ಉತ್ತರಗಳನ್ನು ನೆಚ್ಚುವಂತಿಲ್ಲವೆಂದು ಕಂಡುಕೊಂಡರು. ಅನಂತರ ಯಂತ್ರಗಳು ಸುಧಾರಿಸಿವೆಯಾದರೂ, ತಪ್ಪನ್ನು ಧೈರ್ಯವಾಗಿ ಹೇಳುವ ಅವುಗಳ ಚಾಳಿ ಪೂರ್ತಿ ಹೋಗಿಲ್ಲ.

ಹಾಗೆಂದು ಅವನ್ನು ದೂರವಿಡಬೇಕಾಗಿಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವು 2023ರಲ್ಲಿ, ಸಿಎಸ್50 ಎಂಬ ತನ್ನ ಆರಂಭದ ತರಗತಿಗೆ ಇಂಥದೊಂದು ಯಂತ್ರವನ್ನು ತಂದಾಗ, ಅದು ಸಿದ್ಧ ಉತ್ತರವನ್ನು ಕೊಡದೆ ದಾರಿಯನ್ನಷ್ಟೇ ತೋರುವಂತೆ ರೂಪಿಸಿತು. ಈ ಕಟ್ಟಳೆಯನ್ನು ನಮ್ಮ ತರುಣರು ತಾವೇ ವಿಧಿಸಿಕೊಳ್ಳಬಹುದು. ಮೊದಲು ಸ್ವಂತ ಬುದ್ಧಿಯಿಂದ ಬರೆಯಿರಿ. ತಪ್ಪಿದಲ್ಲಿ, "ಉತ್ತರ ಹೇಳಬೇಡ, ಎಲ್ಲಿ ಎಡವಿದೆನೆಂಬ ಸುಳಿವನ್ನಷ್ಟೇ ಕೊಡು" ಎಂದು ಕೇಳಿರಿ. ತಿಳಿದ ಬಳಿಕ ಫೋನನ್ನು ಬದಿಗಿರಿಸಿ, ಕಾಗದದ ಮೇಲೆ ಮತ್ತೊಮ್ಮೆ ಬರೆಯಿರಿ.

ದಿನವೆಲ್ಲ ದುಡಿದವನಿಗೆ ಓದಲು ಉಳಿಯುವುದು ಹೆಚ್ಚೆಂದರೆ ಒಂದು ಗಂಟೆ. ಆ ಗಂಟೆಯನ್ನು ಹೋಟೆಲಿನ ಮಾಲಿಕರು ಕಸಿದುಕೊಳ್ಳದಿರಲಿ. ಅದರ ಫಲವು ಓದಿದವನ ತಲೆಯಲ್ಲಿಯೇ ಉಳಿಯಲಿ.