ಉಸಿರಿಗೊಬ್ಬ ಕಾವಲುಗಾರ

ಮತ್ತಿನ ಮದ್ದು ಅತಿಯಾದರೆ ಮೊದಲು ನಿಲ್ಲುವುದು ಉಸಿರೋ, ಹೃದಯವೋ? ಹತ್ತೊಂಬತ್ತನೇ ಶತಮಾನದ ವೈದ್ಯಲೋಕ ಜಗಳವಾಡಿದ ಈ ಪ್ರಶ್ನೆಗೆ ಉತ್ತರ ಹುಡುಕಲು ದೊಡ್ಡ ಪ್ರಯೋಗ ನಡೆದದ್ದು ಹೈದರಾಬಾದಿನಲ್ಲಿ.

ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ 1847ರ ನವೆಂಬರಿನಲ್ಲಿ ಕ್ಲೋರೋಫಾರ್ಮ್ ಎಂಬ ಮತ್ತಿನ ಮದ್ದನ್ನು ಬಳಕೆಗೆ ತಂದರು. 1848ರ ಜನವರಿಯಲ್ಲೇ ಇಂಗ್ಲೆಂಡಿನ ಹದಿನೈದರ ಹುಡುಗಿ ಹ್ಯಾನ್ನಾ ಗ್ರೀನರ್, ಕಾಲುಗುರಿನ ಸಣ್ಣ ಶಸ್ತ್ರಕ್ರಿಯೆಗೆಂದು ಅದನ್ನು ಮೂಸಿ ತೀರಿಕೊಂಡಳು. ಹೃದಯ ನಿಲ್ಲುತ್ತದೆ, ನಾಡಿ ಹಿಡಿದಿರಿ ಎಂದರು ಲಂಡನ್ನಿನ ವೈದ್ಯರು. ಉಸಿರು ನೋಡಿ ಎಂದರು ಎಡಿನ್‌ಬರೋದ ಜೇಮ್ಸ್ ಸೈಮ್.

ಸೈಮ್ ಅವರ ಶಿಷ್ಯ ಎಡ್ವರ್ಡ್ ಲಾರಿ ಹೈದರಾಬಾದ್ ವೈದ್ಯಶಾಲೆಯ ಮುಖ್ಯಸ್ಥರಾದರು. ಅಲ್ಲಿ ಕ್ಲೋರೋಫಾರ್ಮ್ ಕೊಡುವ ಕೆಲಸ ವಿದ್ಯಾರ್ಥಿಗಳ ಪಾಲಿಗೂ ಬರುತ್ತಿತ್ತು. ಅವರಿಗೆ ಲಾರಿ ಕಲಿಸಿದ ಪಾಠ ಒಂದೇ: ಶಸ್ತ್ರಕ್ರಿಯೆಯತ್ತ ಕಣ್ಣು ಹಾಯಿಸದೆ ಉಸಿರನ್ನೇ ಕಾಯಬೇಕು. ಅಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಮುಂದೆ ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಒಬ್ಬರೆಂದು ಹೆಸರಾದರು.

ಇದೇ ಪ್ರಶ್ನೆಯ ಮೇಲೆ 1888ರಲ್ಲಿ ಲಾರಿ ನಡೆಸಿದ ಮೊದಲ ಆಯೋಗದ ತೀರ್ಮಾನವನ್ನು ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಒಪ್ಪಲಿಲ್ಲ. ಹೈದರಾಬಾದಿನ ನಿಜಾಮ ಮಹಬೂಬ್ ಅಲಿ ಖಾನ್ ಸಾವಿರ ಪೌಂಡ್ ಕೊಟ್ಟು ಮತ್ತೊಂದು ಪರೀಕ್ಷೆಗೆ ದಾರಿ ಮಾಡಿದರು. 1889ರಲ್ಲಿ 'ಲ್ಯಾನ್ಸೆಟ್' ಪರವಾಗಿ ವೈದ್ಯ ಲಾಡರ್ ಬ್ರಂಟನ್ ಬಂದರು. ನಾನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಹೊರಬಿದ್ದ ತೀರ್ಮಾನ: ಮೊದಲು ಉಸಿರು ನಿಲ್ಲುತ್ತದೆ, ಆಮೇಲೆ ಹೃದಯ.

ಆದರೆ ಅದು ಅರ್ಧ ಸತ್ಯವಾಗಿತ್ತು. ಅರಿವಳಿಕೆ ಇನ್ನೂ ತೆಳುವಾಗಿರುವಾಗಲೇ ಕ್ಲೋರೋಫಾರ್ಮ್ ಹೃದಯದ ಲಯ ಕೆಡಿಸಿ ಕೊಲ್ಲಬಲ್ಲದೆಂದು 1911ರಲ್ಲಿ ವೈದ್ಯ ಗುಡ್‌ಮನ್ ಲೆವಿ ತೋರಿಸಿದರು. ಹೃದಯಕ್ಕೆ ಅಂಜಬೇಕಿಲ್ಲ ಎಂಬ ಲಾರಿ ಅವರ ನಂಬಿಕೆ ಬಿತ್ತು. ಉಸಿರು ಕಾಯಬೇಕೆಂಬ ಪಾಠ ಮಾತ್ರ ಉಳಿಯಿತು.

ಆದರೆ ಉಸಿರು ಕಾಯುವ ಕಣ್ಣಿಗೂ ಮಿತಿಯಿದೆ. ತುಟಿ ನೀಲಿಗಟ್ಟುವ ಹೊತ್ತಿಗೆ ರಕ್ತದ ಆಮ್ಲಜನಕ ಬಹಳ ಕುಸಿದಿರುತ್ತದೆ. ಜಪಾನಿನ ತಕುವೊ ಅವೊಯಾಗಿ 1970ರ ದಶಕದ ಆರಂಭದಲ್ಲಿ ಕಿವಿಯ ಮೂಲಕ ಬೆಳಕು ಹಾಯಿಸಿ, ಹೃದಯ ನಿಮಿಷಕ್ಕೆಷ್ಟು ರಕ್ತ ಹಾಯಿಸುತ್ತದೆಂದು ಅಳೆಯುತ್ತಿದ್ದರು. ನಾಡಿಯ ಮಿಡಿತ ಅಳತೆಯನ್ನು ಕೆಡಿಸುತ್ತಿತ್ತು. ಅದನ್ನು ತೊಡೆದುಹಾಕಲು ಹೊರಟಾಗ, ಆ ಮಿಡಿತದಿಂದಲೇ ಅಪಧಮನಿ ರಕ್ತದ ಆಮ್ಲಜನಕ ತಿಳಿಯಬಹುದೆಂದು ಅವರಿಗೆ ಹೊಳೆಯಿತು. 1974ರಲ್ಲಿ ಅದನ್ನು ಮಂಡಿಸಿದರು. ಇಂದು ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಬಂದದ್ದು ಹೀಗೆ.

ಅದೂ ಪೂರ್ತಿ ಕಾವಲಲ್ಲ. ಮೂಗಿಗೆ ಆಮ್ಲಜನಕ ಕೊಟ್ಟಿದ್ದರೆ, ಉಸಿರು ನಿಂತ ಮೇಲೂ ಆಕ್ಸಿಮೀಟರಿನ ಅಂಕಿ ಸ್ವಲ್ಪ ಹೊತ್ತು ಇಳಿಯುವುದಿಲ್ಲ. ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಆ ಸುದ್ದಿಯನ್ನು ಕೂಡಲೇ ಹೇಳುತ್ತದೆ.

ಅರಿವಳಿಕೆ ತಜ್ಞರಲ್ಲದ ವೈದ್ಯರು ಮಂಪರಿನ ಮದ್ದು ಕೊಡುವಾಗ ಪಾಲಿಸಬೇಕಾದ ಕ್ರಮವನ್ನು ಅಮೆರಿಕದ ಅರಿವಳಿಕೆ ತಜ್ಞರ ಸಂಘ 1996ರಲ್ಲಿ ಬರೆಯಿತು. ಚಿಕಿತ್ಸೆ ಮಾಡುವವರು ಬೇರೆ, ರೋಗಿಯನ್ನು ಗಮನಿಸುವವರು ಬೇರೆ ಇರಬೇಕು ಎಂಬುದು ಅದರ ಜೀವಾಳ. ಮುಂದೆ ಇನ್ನೊಂದು ಮಾತೂ ಗಟ್ಟಿಯಾಯಿತು: ಅಂದುಕೊಂಡದ್ದಕ್ಕಿಂತ ಒಂದು ಹಂತ ಆಳಕ್ಕೆ ಜಾರಿದ ರೋಗಿಯನ್ನೂ ಉಳಿಸುವ ಕೌಶಲ ಮದ್ದು ಕೊಡುವವರಿಗೆ ಇರಬೇಕು.

ಭಾರತ ಸರ್ಕಾರವೂ ಹೆರಿಗೆಯ ತುರ್ತಿಗಾಗಿ ಎಂಬಿಬಿಎಸ್ ವೈದ್ಯರಿಗೆ ಜೀವರಕ್ಷಕ ಅರಿವಳಿಕೆಯ ತರಬೇತಿ ಕೊಡುತ್ತ ಬಂದಿದೆ. ಆಂಧ್ರದ ಆದವಾನಿ, ಆಲೂರು, ಕೋಸಗಿ, ಮಂತ್ರಾಲಯದ ಕಡೆಯ ಬಡಜನಕ್ಕೆ ಇಂಥ ತರಬೇತಿಯೇ ಆಸರೆ. ಜಾರಿದ ಕೀಲು ಕೂರಿಸಲೋ ಎಂಡೋಸ್ಕೋಪಿಗೋ ಮಂಪರಿನ ಮದ್ದು ಕೊಡಲು ಪ್ರತಿ ಸಲ ಅರಿವಳಿಕೆ ತಜ್ಞರು ಸಿಗಲಿಕ್ಕಿಲ್ಲ. ಆದರೆ ಆ ಹೊತ್ತಿನಲ್ಲಿ ಬೇರೆ ಯಾವ ಕೆಲಸಕ್ಕೂ ಕೈಹಾಕದೆ ಉಸಿರನ್ನೇ ಕಾಯುವ, ತರಬೇತಾದ ಒಬ್ಬರು ಇರಲೇಬೇಕು. ಅಷ್ಟನ್ನು ಕೇಳುವ ಹಕ್ಕು ರೋಗಿಯ ಕಡೆಯವರಿಗಿದೆ. ಕೇಳಿದವರಿಗೆ ಸಮಾಧಾನದಿಂದ ಉತ್ತರಿಸುವುದು ಆಸ್ಪತ್ರೆಯ ಹೊಣೆ.